ಮುಳ್ಳಯ್ಯನಗಿರಿಯ ಕಲ್ಲಿಗೆ ಆಯಸ್ಕಾಂತ ಅಂಟುತ್ತೆ, ಆದ್ರೂ ಗಣಿ ಯಾಕಿಲ್ಲ?

ಮುಳ್ಳಯ್ಯನಗಿರಿ ಹತ್ತಿರದ ಕಲ್ಲಿಗೆ ಆಯಸ್ಕಾಂತ ಅಂಟಿತು, ಹಾಗಾದ್ರೆ ಬಳ್ಳಾರಿ ಥರ ಅಲ್ಲೂ ಗಣಿ ಯಾಕಿಲ್ಲ ಅಂತ ಕೇಳಿದ್ದೀರಿ. ಒಳ್ಳೆ ಪ್ರಶ್ನೆ.

ಆ ಕಲ್ಲನ್ನೇ ಹತ್ತಿರದಿಂದ ನೋಡಿ. ಕಪ್ಪು ಗೆರೆ, ಬಿಳಿ ಅಥವಾ ಕೆಂಪು ಗೆರೆ ಒಂದರ ಮೇಲೊಂದು ಇರುತ್ತವೆ. ಕಪ್ಪು ಗೆರೆ ಮ್ಯಾಗ್ನೆಟೈಟ್ ಅನ್ನೋ ಕಬ್ಬಿಣದ ಖನಿಜ, ಆಯಸ್ಕಾಂತ ಎಳೆಯುವುದು ಅದನ್ನೇ. ಉಳಿದದ್ದು ಹೆಚ್ಚಾಗಿ ಸಿಲಿಕಾ, ಅಂದ್ರೆ ಮರಳಿನಲ್ಲಿರುವ ವಸ್ತುವೇ. ಸುಮಾರು 270 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕಲ್ಲು ಇದು.

ಬಳ್ಳಾರಿ ಜಿಲ್ಲೆಯ ಗಣಿಗಳಿರುವ ಸಂಡೂರಿನಲ್ಲೂ ಮೂಲ ಇಂಥದ್ದೇ ಪಟ್ಟೆಕಲ್ಲು. ಆದರೆ ಅಲ್ಲಿ ನೀರು ಇಳಿದು ಇಳಿದು ಸಿಲಿಕಾ ಕರಗಿ ಹೋಗಿ, ಶೇಕಡಾ 60ಕ್ಕೂ ಹೆಚ್ಚು ಕಬ್ಬಿಣ ಇರುವ ಹೆಮಟೈಟ್ ಅನ್ನೋ ಅದಿರು ಉಳಿದಿದೆ. ಅಗೆದು ಜರಡಿ ಹಿಡಿದರೆ ಸಾಕು. ಮುಳ್ಳಯ್ಯನಗಿರಿ ಇರುವ ಬಾಬಾಬುಡನ್‌ಗಿರಿ ಸಾಲಿನಲ್ಲಿ ಅಂಥ ಅದಿರು ಅಲ್ಲಲ್ಲಿ ಮೇಲ್ಪದರದಲ್ಲಷ್ಟೇ. ಇದೇ ಸಾಲಿನ ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹೋಗುತ್ತಿದ್ದದ್ದು ಅದೇ. ಅಂದ್ರೆ ಗಣಿ ಇರಲೇ ಇಲ್ಲ ಅಂತಲ್ಲ.

ಮಿಕ್ಕ ಮ್ಯಾಗ್ನೆಟೈಟ್‌ಗೆ ಕುದುರೆಮುಖದ ಗಣಿಯಲ್ಲಿ ಮಾಡಿದ ದಾರಿಯೇ ಗತಿ: ಕಲ್ಲನ್ನು ನುಣ್ಣಗೆ ಅರೆಯಬೇಕು, ಕಬ್ಬಿಣ ಬೇರ್ಪಡಿಸಬೇಕು, ಉಳಿದ ಕೆಸರಿಗೆ ಅಣೆಕಟ್ಟು ಬೇಕು. ಕುದುರೆಮುಖದ ಲಕ್ಯಾ ಅಣೆಕಟ್ಟು ಅದಕ್ಕೇ ಕಟ್ಟಿದ್ದು. ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಆ ಗಣಿಯೇ ನಿಂತಿತು. ಶೋಲಾ ಕಾಡು (ಬೆಟ್ಟದ ಕಣಿವೆಗಳ ದಟ್ಟ ಕಾಡು), ಭದ್ರಾ ಹುಲಿ ಮೀಸಲು ಪಕ್ಕದಲ್ಲೇ ಇರುವ ಮುಳ್ಳಯ್ಯನಗಿರಿಯ ಬೆಟ್ಟ ಅಗೆಯಲು ಒಪ್ಪಿಗೆ ಸಿಗುವುದು ಕಷ್ಟ, ಸಿಗಲೂಬಾರದು ಅನ್ನೋದು ನನ್ನ ಅಭಿಪ್ರಾಯ.

ನಿಮ್ಮ ಹತ್ತಿರ ಇನ್ನೂ ಆ ಕಲ್ಲಿದ್ದರೆ ಟೈಲ್ಸ್‌ನ ಹಿಂಬದಿಯ ಒರಟು ಮೈಗೆ ಉಜ್ಜಿ. ಕಪ್ಪು ಗೀರು ಬಂದರೆ ಮ್ಯಾಗ್ನೆಟೈಟ್, ಕೆಂಪು ಬಂದರೆ ಹೆಮಟೈಟ್.