ಪಾಳು ಡಿಪೋದ ದುಂಡು ಗುಂಡಿ

ಪ್ರಶ್ನೆ: ಕೊಡಗಿಗೆ ರೈಲೇ ಇಲ್ಲ, ಅದಕ್ಕೇ ನಮಗೆ ರೈಲಿನ ಹುಚ್ಚು ಜಾಸ್ತಿ! ಮದುವೆಗೆಂದು ಬಯಲುಸೀಮೆಯ ಸಣ್ಣ ಊರಿಗೆ ಹೋದಾಗ ಪಾಳುಬಿದ್ದ ರೈಲ್ವೆ ಡಿಪೋ ನೋಡಿದೆ. ಒಳಗೆ ದೊಡ್ಡ ದುಂಡು ಗುಂಡಿ, ಹಳಿಗಳ ನಡುವೆ ಉದ್ದದ ಹೊಂಡ. ಏನವು? ಯಾಕೆ ಬಿಟ್ಟುಹೋದರು?
– ಗೋಣಿಕೊಪ್ಪದ ಓದುಗರು

ಉತ್ತರ: ನೀವು ನೋಡಿದ್ದು ಉಗಿಬಂಡಿಗಳ ಮನೆ. ದುಂಡು ಗುಂಡಿಯ ಮೇಲೆ ಹಳಿ ಇರುವ ಸೇತುವೆಯೊಂದಿತ್ತು, ನಡುವಿನ ಗೂಟದ ಮೇಲೆ ಬೀಸುಕಲ್ಲಿನ ಹಾಗೆ ತಿರುಗುತ್ತಿತ್ತು. ಎಂಜಿನ್ ತೂಕ ಸರಿಯಾಗಿ ಕೂತರೆ ನಾಲ್ಕಾರು ಜನ ಕೈಯಲ್ಲೇ ತಳ್ಳಿ ಅದರ ಮುಖ ತಿರುಗಿಸುತ್ತಿದ್ದರು. ಹಿಂದೆ ಕಲ್ಲಿದ್ದಲು, ನೀರಿನ ಡಬ್ಬಿ ಇರೋದರಿಂದ ಹಿಮ್ಮುಖವಾಗಿ ಓಡಿಸಿದರೆ ಚಾಲಕನಿಗೆ ದಾರಿ ಸರಿಯಾಗಿ ಕಾಣಲ್ಲ, ಅಲ್ವಾ? ಉದ್ದದ ಹೊಂಡ ಬೂದಿ ಉದುರಿಸೋಕೆ, ಕೆಳಗಿಳಿದು ಎಂಜಿನ್ನಿನ ಹೊಟ್ಟೆ ನೋಡೋಕೆ.

ಡೀಸೆಲ್ ಬಂದ ಮೇಲೆ ಬೂದಿಯೂ ಇಲ್ಲ, ದಾರಿಯುದ್ದಕ್ಕೂ ನೀರು ತುಂಬಿಸೋ ಕೆಲಸವೂ ಇಲ್ಲ. ಜೊತೆಗೆ ಎರಡು ಹಳಿಗಳ ನಡುವೆ 1,000 ಮಿಲಿಮೀಟರ್ ಅಂತರವಿರುವ ಮೀಟರ್ ಗೇಜ್ ಕಿತ್ತು, 1,676 ಮಿಲಿಮೀಟರ್ ಅಂತರದ ಬ್ರಾಡ್ ಗೇಜ್ ಹಾಕಿದರು. ನಮ್ಮ ಪಕ್ಕದ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯದ್ದೂ ಇದೇ ಕತೆ. ಹಳೆಯ ಡಿಪೋ ಉಳಿಸಿಕೊಳ್ಳೋಕೆ ಖರ್ಚು, ಕೆಡವೋಕೂ ಖರ್ಚು. ಸುಮ್ನೆ ಬಿಟ್ಟರು.

ಮುಂದಿನ ಸಲ ಒಳಗೆ ಮಾತ್ರ ನುಗ್ಗಬೇಡಿ. ರೈಲ್ವೆ ಜಾಗಕ್ಕೆ ಅನುಮತಿಯಿಲ್ಲದೆ ಹೋದರೆ 1989ರ ಕಾಯ್ದೆ ಪ್ರಕಾರ ಆರು ತಿಂಗಳವರೆಗೆ ಜೈಲಾಗಬಹುದು. ಹಳೇ ಎಂಜಿನ್ ಮುಟ್ಟಿ ನೋಡೋ ಆಸೆಯಿದ್ದರೆ ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋಗಿ, ಗೋಣಿಕೊಪ್ಪದಿಂದ ಹುಣಸೂರು ದಾರಿಯಲ್ಲಿ ಬಸ್ಸು ಹತ್ತಿದರೆ ಆಯ್ತು.