ಕೇಪ್ ವರ್ಡೆ ಗೆದ್ದಿದ್ದು ಅದೃಷ್ಟದಿಂದಲ್ಲ

ಪಶ್ಚಿಮ ಆಫ್ರಿಕಾದ ಕರಾವಳಿಯಾಚೆ ಇರುವ, ಐದು ಲಕ್ಷ ಚಿಲ್ಲರೆ ಜನರ ದ್ವೀಪ ದೇಶ ಕೇಪ್ ವರ್ಡೆ ಆಫ್ರಿಕಾ ಕಪ್ ಫುಟ್‌ಬಾಲ್‌ನಲ್ಲಿ ಎರಡು ಸಲ ಕ್ವಾರ್ಟರ್ ಫೈನಲ್‌ಗೆ ಹೋಗಿದ್ದು ಹೇಗೆ, ಲಕ್ ಇರಬೇಕಲ್ವಾ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಲಕ್ ಅವರಿಗೆ ಕೈ ಕೊಟ್ಟಿದ್ದೇ ಜಾಸ್ತಿ.

2013ರಿಂದ ನೋಡಿ. ಆಗ ಟೂರ್ನಿಯಲ್ಲಿ ಇದ್ದಿದ್ದೇ 16 ತಂಡ, ಈಗಿನ ಹಾಗೆ 24 ಅಲ್ಲ. ಅಲ್ಲಿಗೆ ಬರಬೇಕಾದರೆ ಕ್ಯಾಮರೂನ್ ಅನ್ನು ದಾಟಬೇಕಿತ್ತು. ತಮ್ಮ ರಾಜಧಾನಿ ಪ್ರಾಯಾದಲ್ಲಿ 2-0 ಗೆದ್ದರು, ಕ್ಯಾಮರೂನ್‌ಗೆ ಹೋಗಿ 1-2 ಸೋತರು, ಒಟ್ಟು 3-2 ಲೆಕ್ಕದಲ್ಲಿ ಒಳಗೆ ಬಂದರು. ಕೋಚ್ ಲೂಸಿಯೊ ಅಂಟೂನೆಸ್ ವೃತ್ತಿಯಲ್ಲಿ ಏರ್ ಟ್ರಾಫಿಕ್ ಕಂಟ್ರೋಲರ್! ಅದು ಕೇಪ್ ವರ್ಡೆಗೆ ಮೊದಲ ಆಫ್ರಿಕಾ ಕಪ್. ಆತಿಥೇಯ ದಕ್ಷಿಣ ಆಫ್ರಿಕಾ ಜೊತೆ 0-0, ಮೊರಾಕ್ಕೊ ಜೊತೆ 1-1. ಅಂಗೋಲಾ ಪಂದ್ಯದಲ್ಲಿ ಮೊದಲು ತಮ್ಮದೇ ಬಲೆಗೆ ಗೋಲು ಹೊಡೆದುಕೊಂಡು ಹಿಂದೆ ಬಿದ್ದರು, ಆಮೇಲೆ 81ನೇ ನಿಮಿಷದಲ್ಲಿ ಫರ್ನಾಂಡೊ ವರೇಲಾ ಸಮ ಮಾಡಿದರು, 90ನೇ ನಿಮಿಷದಲ್ಲಿ ಹೆಲ್ಡನ್ ಗೆಲ್ಲಿಸಿದರು. ಕ್ವಾರ್ಟರ್ ಫೈನಲ್‌ನಲ್ಲಿ ಘಾನಾ 2-0 ಸೋಲಿಸಿತು. ಸ್ಕೋರ್ ನೋಡಿದರೆ ಸುಲಭವಾಗಿ ಸೋತ ಹಾಗೆ ಕಾಣುತ್ತದೆ, ಆದರೆ ಆ ದಿನ ಘಾನಾವನ್ನು ಉಳಿಸಿದ್ದು ಗೋಲ್‌ಕೀಪರ್ ದೌಡಾ.

2015ರಲ್ಲಂತೂ ಒಂದೂ ಪಂದ್ಯ ಸೋಲದೆ ಮನೆಗೆ ಹೋದರು. ಮೂರೂ ಡ್ರಾ. ಅದೇ ಗುಂಪಿನ ಡಿಆರ್ ಕಾಂಗೊ ಕೂಡ ಮೂರು ಡ್ರಾ ಮಾಡಿತ್ತು, ಆದರೆ ಅವರು ಎರಡು ಗೋಲು ಹೊಡೆದಿದ್ದರು, ಇವರು ಒಂದು, ಹಾಗಾಗಿ ಅವರು ಮುಂದೆ ಹೋದರು. ಅಷ್ಟೇ ವ್ಯತ್ಯಾಸ.

ಇಷ್ಟು ಸಣ್ಣ ದೇಶಕ್ಕೆ ಆಟಗಾರರು ಎಲ್ಲಿಂದ ಬರುತ್ತಾರೆ? ನನಗೆ ತುಂಬಾ ಇಷ್ಟವಾದ ಭಾಗ ಇದು. ಹತ್ತು ದ್ವೀಪಗಳ ಈ ದೇಶ 1975ರವರೆಗೆ ಪೋರ್ಚುಗಲ್ ಕೈಯಲ್ಲಿತ್ತು. ಮಳೆ ಕಡಿಮೆ, ಬರ, ಕ್ಷಾಮ. ಹಾಗಾಗಿ ತಲೆಮಾರುಗಳಿಂದ ಜನ ಹೊಟ್ಟೆಪಾಡಿಗೆ ಪೋರ್ಚುಗಲ್, ಹಾಲೆಂಡ್, ಫ್ರಾನ್ಸ್, ಅಮೆರಿಕಾ ಅಂತ ಹೊರಟುಹೋದರು. ಇವತ್ತು ಊರಲ್ಲಿ ಇರುವವರಿಗಿಂತ ಹೊರಗೆ ಇರುವವರೇ ಜಾಸ್ತಿ. ಮೊದಲೆಲ್ಲ ಈ ಮಕ್ಕಳು ಬೇರೆ ದೇಶಗಳಿಗೆ ಆಡುತ್ತಿದ್ದರು. ಸ್ವೀಡನ್‌ನ ಹೆಸರಾಂತ ಸ್ಟ್ರೈಕರ್ ಹೆನ್ರಿಕ್ ಲಾರ್ಸನ್ ಅವರ ಅಪ್ಪ ಕೇಪ್ ವರ್ಡೆಯವರು, ಗೊತ್ತಾ? ಈಗ ಒಂದಷ್ಟು ಮಂದಿ ಅಪ್ಪ-ಅಮ್ಮನ ನಾಡಿಗೆ ಆಡಲು ಬರುತ್ತಿದ್ದಾರೆ. ಗ್ಯಾರಿ ರೊಡ್ರಿಗಸ್, ಜಮೀರೊ ಮೊಂಟೇರೊ ಇಬ್ಬರೂ ಹುಟ್ಟಿದ್ದು ರಾಟರ್‌ಡ್ಯಾಮ್‌ನಲ್ಲಿ. ಡಿಫೆಂಡರ್ ರಾಬರ್ಟೊ ಲೋಪೆಸ್ ಡಬ್ಲಿನ್‌ನವರು. ಆಗಿನ ಕೋಚ್ ಅವರಿಗೆ ಲಿಂಕ್ಡ್‌ಇನ್‌ನಲ್ಲಿ ಪೋರ್ಚುಗೀಸ್‌ನಲ್ಲಿ ಮೆಸೇಜ್ ಹಾಕಿದ್ದರು, ಲೋಪೆಸ್ ಅದನ್ನು ಸ್ಪ್ಯಾಮ್ ಅಂದುಕೊಂಡು ಬಿಟ್ಟಿದ್ದರು. ತಿಂಗಳುಗಳ ನಂತರ ಕೋಚ್ ಮತ್ತೆ ಬರೆದಾಗಲೇ ವಿಷಯ ತಿಳಿದಿದ್ದು. ಹೀಗೆ ಒಬ್ಬೊಬ್ಬರನ್ನೇ ಹುಡುಕಿ ಕಟ್ಟಿದ ತಂಡವನ್ನು ಲಕ್ ಅನ್ನೋದು ನನಗಂತೂ ಸರಿ ಕಾಣುವುದಿಲ್ಲ.

ಆ ಕೆಲಸದ ಫಲ ಕಂಡಿದ್ದು 2024ರ ಜನವರಿ-ಫೆಬ್ರವರಿಯಲ್ಲಿ, ಐವರಿ ಕೋಸ್ಟ್‌ನಲ್ಲಿ ನಡೆದ ಆಫ್ರಿಕಾ ಕಪ್‌ನಲ್ಲಿ. ಕೋಚ್ ಬುಬಿಸ್ಟಾ. ಘಾನಾ ವಿರುದ್ಧ 90 ನಿಮಿಷ ದಾಟಿದ ಮೇಲಿನ ಇಂಜುರಿ ಟೈಮ್‌ನಲ್ಲಿ ರೊಡ್ರಿಗಸ್ ಗೋಲು ಹೊಡೆದು 2-1, ಮೊಜಾಂಬಿಕ್ ಮೇಲೆ 3-0. ಈಜಿಪ್ಟ್, ಘಾನಾ ಇದ್ದ ಗುಂಪಲ್ಲಿ ಇವರೇ ಮೊದಲ ಸ್ಥಾನ. ಮಾರಿಟೇನಿಯಾವನ್ನು ದಾಟಿ ಕ್ವಾರ್ಟರ್ ಫೈನಲ್. ಅಲ್ಲಿ ದಕ್ಷಿಣ ಆಫ್ರಿಕಾ ಜೊತೆ ಎರಡು ಗಂಟೆ ಆಡಿದರೂ 0-0. ಪೆನಾಲ್ಟಿ ಶೂಟೌಟ್‌ನಲ್ಲಿ ಅವರ ಗೋಲ್‌ಕೀಪರ್ ರಾನ್ವೆನ್ ವಿಲಿಯಮ್ಸ್ ನಾಲ್ಕು ಹೊಡೆತ ತಡೆದುಬಿಟ್ಟರು. ನಾಲ್ಕು! ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಾಗಂತ ಎಲ್ಲ ಸರಿಯಾಗಿದೆ ಅಂತಲ್ಲ. 2025ರ ಆಫ್ರಿಕಾ ಕಪ್‌ಗೆ ಅರ್ಹತೆಯೇ ಸಿಗಲಿಲ್ಲ, 2024ರ ಅರ್ಹತಾ ಪಂದ್ಯಗಳಲ್ಲಿ ಗುಂಪಲ್ಲಿ ಕೊನೆಯ ಸ್ಥಾನ. ಅದರ ಮುಂದಿನ ವರ್ಷವೇ ಇದೇ ಕೋಚ್ ಜೊತೆ ಕ್ಯಾಮರೂನ್‌ಗಿಂತ ಮೇಲೆ ನಿಂತು, 2025ರ ಅಕ್ಟೋಬರ್ 13ಕ್ಕೆ ಎಸ್ವಾಟಿನಿಯನ್ನು 3-0 ಸೋಲಿಸಿ, ಮೊದಲ ಬಾರಿಗೆ ವಿಶ್ವಕಪ್‌ಗೆ ಅರ್ಹತೆ ಪಡೆದರು. ಆಳು ಕಡಿಮೆ ಇರುವ ತಂಡದಲ್ಲಿ ಇಬ್ಬರು ಮೂವರು ಫಾರ್ಮ್ ಕಳೆದುಕೊಂಡರೂ ಪೆಟ್ಟು ಜೋರಾಗಿ ಬೀಳುತ್ತದೆ ಅನ್ನೋದು ನನ್ನ ಅಭಿಪ್ರಾಯ.

ಒಂದೇ ಪಂದ್ಯ ನೋಡಲು ಟೈಮ್ ಇದ್ದರೆ 2024ರ ಈಜಿಪ್ಟ್ ಪಂದ್ಯ ನೋಡಿ. ಗುಂಪಲ್ಲಿ ಮೊದಲ ಸ್ಥಾನ ಆಗಲೇ ಖಚಿತವಾಗಿತ್ತು, ಗೆಲ್ಲಲೇಬೇಕು ಅಂತ ಏನೂ ಇರಲಿಲ್ಲ. ಇಂಜುರಿ ಟೈಮ್‌ನಲ್ಲಿ ಈಜಿಪ್ಟ್ 2-1 ಮಾಡಿತು. ಆದರೂ ಇವರು ಬಿಡದೆ ನುಗ್ಗಿದರು, ಬ್ರಯಾನ್ ಟೆಕ್ಸೇರಾ 2-2 ಮಾಡಿಯೇ ಬಿಟ್ಟರು.