ಕಚೇರಿಯ ಅಕ್ರಮ ಬರೆದು ತಿಳಿಸಿದರೆ ನನ್ನ ನೌಕರಿಗೆ ಯಾವ ಕಾನೂನಿನ ರಕ್ಷಣೆ ಇದೆ?

ಬಾಗಲಕೋಟೆಯಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಆಗಿದ್ದೀರಿ, ಸುಳ್ಳು ಬಿಲ್ ಸಿಕ್ಕಿದೆ, ಮೇಲಿನವರಿಗೆ ಬರೆಯಬೇಕು ಅಂದಿದ್ದೀರಿ. ನಾನೂ ಬರೆದವನೇ.

ವಿಜಯಪುರ ಜಿಲ್ಲೆಯ ಒಂದು ಕಚೇರಿಯ ಬಿಲ್ ಶಾಖೆಯಲ್ಲಿದ್ದೆ. ತೋಡದೇ ಇರುವ ಕೃಷಿ ಹೊಂಡಕ್ಕೆ ಎಂ.ಬಿ. (ಕಾಮಗಾರಿಯ ಅಳತೆ ಪುಸ್ತಕ) ಬರೆದು ಹಣ ಎತ್ತಿದ್ದರು. ಜಿಲ್ಲೆಯ ಸಾಹೇಬರಿಗೆ ಪತ್ರ ಬರೆದೆ. ಬರೆದದ್ದು ತಪ್ಪಲ್ಲ, ಟಪಾಲಿನಲ್ಲಿ ಕೊಟ್ಟದ್ದು ತಪ್ಪು. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ ಅದನ್ನೇ ಮಾಡಲು ಹೊರಟಿದ್ದೀರಿ. ಬಂದ ಪತ್ರ ತೆಗೆದುಕೊಳ್ಳುವ ಆವಕ ಶಾಖೆಯಲ್ಲಿ ಲಕೋಟೆ ಒಡೆಯುತ್ತಾರೆ. ಕಳಿಸಿದವರ ಹೆಸರು, ವಿಷಯ ವಹಿಗೆ ಏರುತ್ತದೆ. ಅದನ್ನು ಯಾರು ಬೇಕಾದರೂ ತಿರುವಿ ನೋಡಬಹುದು. ಪತ್ರ ಗುಮಾಸ್ತರ ಟೇಬಲ್ಲಿಗೆ, ಅಲ್ಲಿಂದ ಮ್ಯಾನೇಜರಿಗೆ, ಕೊನೆಗೆ ಸಾಹೇಬರಿಗೆ. ಅವರು 'ವರದಿ ಪಡೆಯಿರಿ' ಅಂತ ಷರಾ ಹಾಕಿದರು. ವರದಿ ಕೇಳಿದ್ದು ಯಾರನ್ನು? ನಾನು ಯಾರ ಮೇಲೆ ಬರೆದಿದ್ದೆನೋ ಅವರನ್ನೇ! ನನ್ನ ಸಹಿ ಇದ್ದ ಪ್ರತಿಯನ್ನೂ ಲಗತ್ತಿಸಿದ್ದರು.

ಮುಂದೆ ಆಡಳಿತಾತ್ಮಕ ಕಾರಣ ಅಂತ ಮುದ್ದೇಬಿಹಾಳದ ಕಡೆ ವರ್ಗ ಮಾಡಿದರು. ರಾಜ್ಯ ನೌಕರರ ವ್ಯಾಜ್ಯ ಕೇಳುವ ಕೆಎಟಿಯ (ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ) ಬೆಳಗಾವಿ ಪೀಠಕ್ಕೆ ಹೋದೆ. ವರ್ಗಾವಣೆ ಆದೇಶದಲ್ಲಿ ದೂರಿನ ಸುದ್ದಿಯೇ ಇಲ್ಲ. ಅದು ಸೇಡು ಅಂತ ತೋರಿಸುವುದು ಹೇಗೆ?

ಹಾಗಾಗಿ 'ಯಾವ ಕಾನೂನು' ಅನ್ನೋ ಪ್ರಶ್ನೆಯನ್ನೇ ಬಿಡಿ. ನಿಮ್ಮ ಹೆಸರು ಯಾರ ಕೈಗೆ ಹೋಗುತ್ತದೆ ಅನ್ನೋದನ್ನು ಕೇಳಿಕೊಳ್ಳಿ. ಹೆದ್ದಾರಿ ಕಾಮಗಾರಿಯ ಅಕ್ರಮ ತಿಳಿಸಿದ ಎಂಜಿನಿಯರ್ ಸತ್ಯೇಂದ್ರ ದುಬೆ ತಮ್ಮ ಹೆಸರು ಗುಟ್ಟಾಗಿಡಿ ಅಂತ ಪ್ರಧಾನಿ ಕಚೇರಿಗೆ ಬರೆದಿದ್ದರು. ಗುಟ್ಟು ಉಳಿಯಲಿಲ್ಲ. 2003ರಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ಮರುವರ್ಷ ಕೇಂದ್ರ ಸರ್ಕಾರ ಒಂದು ನಿರ್ಣಯ ತಂದಿತು. ಮುಚ್ಚಿದ ಲಕೋಟೆಯಲ್ಲಿ ಕೇಂದ್ರ ಜಾಗೃತ ಆಯೋಗಕ್ಕೆ ಬರೆದರೆ ಹೆಸರು ಹೊರಗೆ ಬಿಡುವುದಿಲ್ಲ. ಆದರೆ ಅದು ರೈಲ್ವೆ, ಸರ್ಕಾರಿ ಬ್ಯಾಂಕಿನಂಥ ಕೇಂದ್ರದ ಕಡೆಯವರ ಮೇಲಿನ ದೂರಿಗೆ. ರಾಜ್ಯದ ಕಚೇರಿಗೆ ಅದು ಸಲ್ಲದು. ರಾಜ್ಯ ನೌಕರರನ್ನೂ ಸೇರಿಸಿ 2014ರಲ್ಲಿ ಅಕ್ರಮ ತಿಳಿಸಿದವರ ರಕ್ಷಣೆಗೆ ಕಾಯ್ದೆಯೇ ಆಯಿತು, ರಾಷ್ಟ್ರಪತಿ ಅಂಕಿತವೂ ಬಿತ್ತು. ಜಾರಿಗೆ ತರುವ ಅಧಿಸೂಚನೆ ಮಾತ್ರ ಹೊರಡಲೇ ಇಲ್ಲ. ನನಗೆ ಇದಕ್ಕಿಂತ ಸಿಟ್ಟು ತರಿಸುವ ಸಂಗತಿ ಇನ್ನೊಂದಿಲ್ಲ.

ಸುಮ್ನೆ ಇರಿ ಅಂತ ನಾನು ಹೇಳುವುದಿಲ್ಲ. ಮೊದಲು ಬಿಲ್, ಎಂ.ಬಿ. ಪ್ರತಿಗಳನ್ನು ಬಿಲ್ಲಿನಲ್ಲಿ ತೋರಿಸಿದ ಊರಿನ ಯಾರಾದರೂ ಮಾಹಿತಿ ಹಕ್ಕಿನಲ್ಲಿ ಪಡೆಯಲಿ. ಆಮೇಲೆ ನೇರ ಲೋಕಾಯುಕ್ತಕ್ಕೆ ಹೋಗಿ. ಅಲ್ಲಿ ನಿಗದಿತ ಫಾರಂ ಜೊತೆ ಅಫಿಡವಿಟ್ ಬೇಕು. ಆ ಊರಿನವರೇ ದೂರುದಾರರಾಗಲು ಒಪ್ಪಿದರೆ ಇನ್ನೂ ಒಳ್ಳೆಯದು. ಕಚೇರಿಯ ಮೂಲ ಕಡತವನ್ನು ಮಾತ್ರ ಮನೆಗೆ ಒಯ್ಯಬೇಡಿ. ನಿಮ್ಮನ್ನು ಅಮಾನತು ಮಾಡಲು ಅವರಿಗೆ ಅದೊಂದೇ ಸಾಕು.